ಸ್ಕ್ರೂಡ್ರೈವರ್ ಜೇಬಿನಲ್ಲೇ ಇರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಾದರಿ ವಿಮಾನ ಎಂದರೆ ಜಾತ್ರೆಯ ಆಟಿಕೆ ಎಂದುಕೊಳ್ಳುವವರೇ ಹೆಚ್ಚು. ನಾನು ಹೇಳಹೊರಟಿರುವ ವಿಮಾನದ ರೆಕ್ಕೆ ಸುಮಾರು ಎರಡು ಮೀಟರ್ ಉದ್ದ, ತೂಕ ಆರೇಳು ಕಿಲೊ, ಮೂತಿಯಲ್ಲಿ 30 ಸಿ.ಸಿ.ಯ ಪೆಟ್ರೋಲ್ ಎಂಜಿನ್. ನೆಲದ ಮೇಲೆ ನಿಂತು ರಿಮೋಟ್ ಹಿಡಿದು ಹಾರಿಸುವಂಥದ್ದು.

ಈಗ ರೇಡಿಯೊ ಮುಂದೆ ಕುಳಿತವರಲ್ಲಿ ಇಬ್ಬರನ್ನು ನಾನು ಕಣ್ಣ ಮುಂದೆ ಇಟ್ಟುಕೊಂಡಿದ್ದೇನೆ. ಒಬ್ಬರು, ಹೊಸ ಎಂಜಿನ್ ಕೊಂಡು ಅದು ಹತ್ತಲಿಲ್ಲವೆಂದು ತಲೆ ಕೆಡಿಸಿಕೊಂಡಿರುವ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ಇನ್ನೊಬ್ಬರು, ಅಡಿಕೆ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಹೆಗಲಿಗೇರಿಸಿ ದುಡಿಯುವ ರೈತರು. ಇವರಿಗೆ ವಿಮಾನದ ಗೊಡವೆ ಯಾಕೆ ಎನ್ನಬೇಡಿ. ಎರಡರ ಎಂಜಿನ್ನೂ ಒಂದೇ ವಂಶದ್ದು. ಇಂಥ ದೊಡ್ಡ ಮಾದರಿ ವಿಮಾನಕ್ಕೆ ಹಿಂದೆ ಅನೇಕರು ಪೆಟ್ರೋಲ್ ಎಂಜಿನ್ ತಂದದ್ದೇ ಮರ ಕೊಯ್ಯುವ ಗರಗಸದಿಂದ, ಹುಲ್ಲು ಕತ್ತರಿಸುವ ಯಂತ್ರದಿಂದ ಬಿಚ್ಚಿ ತೆಗೆದು. ಅದೇ ಟೂ ಸ್ಟ್ರೋಕ್, ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಅದೇ ಬಗೆಯ ಪುಟ್ಟ ಕಾರ್ಬುರೇಟರ್.

ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಎಂಜಿನ್ ತಕರಾರು ಮಾಡಿದಾಗ ಕಾರ್ಬುರೇಟರಿನ ಸ್ಕ್ರೂ ತಿರುಗಿಸಲು ಹೋಗಬೇಡಿ. ಸ್ಕ್ರೂಡ್ರೈವರ್ ಜೇಬಿನಲ್ಲೇ ಇರಲಿ.

ಆ ಕಾರ್ಬುರೇಟರಿನ ಪಕ್ಕದಲ್ಲಿ ಎರಡು ಸಣ್ಣ ಸ್ಕ್ರೂಗಳಿರುತ್ತವೆ. ಎಲ್ ಎಂಬ ಗುರುತಿನದು ನಿಧಾನದ ಓಟಕ್ಕೆ, ಎಚ್ ಎಂಬುದು ಪೂರ್ತಿ ವೇಗಕ್ಕೆ. ಬಿಚ್ಚಿದರೆ ಪೆಟ್ರೋಲ್ ಹೆಚ್ಚು, ಮುಚ್ಚಿದರೆ ಕಡಿಮೆ. ಹೊಸ ಎಂಜಿನ್ನಿನಲ್ಲಿ ಎರಡನ್ನೂ ಮೆಲ್ಲಗೆ ಪೂರ್ತಿ ಮುಚ್ಚಿ, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ. ಮೆಲ್ಲಗೆ ಎಂದೆ, ನೆನಪಿರಲಿ. ನಲ್ಲಿ ತಿರುಪಿದಂತೆ ಬಿಗಿದರೆ ಸ್ಕ್ರೂವಿನ ಸೂಜಿಯಂಥ ಮೊನೆ ಹಾಳಾಗುತ್ತದೆ. ಇಷ್ಟಕ್ಕೇ ಎಂಜಿನ್ ಹತ್ತುತ್ತದೆ. ಹತ್ತದಿದ್ದರೆ ತಪ್ಪು ಬೇರೆಲ್ಲೋ ಇದೆ. ಆದರೆ ನನ್ನ ಹತ್ತಿರ ಬರುವ ಹುಡುಗರಿಗೆ ಈ ಎರಡು ಸ್ಕ್ರೂ ಕಂಡರೆ ಕೈ ತುರಿಸುತ್ತದೆ. ಕಾಲು ಸುತ್ತು ಆಚೆ, ಅರ್ಧ ಸುತ್ತು ಈಚೆ. ಹತ್ತು ನಿಮಿಷ ಕಳೆದ ಮೇಲೆ ಎಲ್ಲಿಂದ ಹೊರಟೆವು ಎಂಬುದೇ ಯಾರಿಗೂ ನೆನಪಿರುವುದಿಲ್ಲ.

ಅವರನ್ನು ಬೈಯುವ ಹಕ್ಕು ನನಗೂ ಇಲ್ಲ. ತುಮಕೂರಿನ ಕಡೆ ಒಂದು ಕೆರೆಯಂಗಳದಲ್ಲಿ ನಡೆದದ್ದನ್ನು ಹೇಳುತ್ತೇನೆ. ಬೇಸಿಗೆಯಲ್ಲಿ ಆ ಕೆರೆ ಒಣಗಿದರೆ ವಿಮಾನ ಇಳಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ನಾವು ನಾಲ್ವರು ಗೆಳೆಯರು ಬೆಳಗ್ಗೆ ಏಳಕ್ಕೇ ಹೋದೆವು. ಎರಡು ತಿಂಗಳು ನಮ್ಮ ಮನೆಯ ಅಟ್ಟದ ಮೇಲಿದ್ದ ವಿಮಾನ. ಮೂತಿಯ ಪ್ರೊಪೆಲ್ಲರಿಗೆ ಕೈಯಿಂದ ಕೊಟ್ಟ ನಾಲ್ಕನೆಯ ಏಟಿಗೇ ಎಂಜಿನ್ ಹತ್ತಿತು. ನನಗೆ ಹಿಗ್ಗು. ಅರ್ಧ ನಿಮಿಷ ಓಡಿ, ಏದುಸಿರು ಬಿಟ್ಟು, ನಿಂತಿತು.

ಮತ್ತೆ ಹಚ್ಚಿದೆ. ಮತ್ತೆ ನಿಂತಿತು. ಪೆಟ್ರೋಲ್ ಸಾಲುತ್ತಿಲ್ಲ ಎಂದು ಎಚ್ ಸ್ಕ್ರೂ ಬಿಚ್ಚಿದೆ. ಈ ಸಲ ಒಂದೈದು ಸೆಕೆಂಡು ಹೆಚ್ಚಿಗೆ ಓಡಿದಂತಾಯಿತು. ನೋಡಿ, ಮನುಷ್ಯ ಕೆಡುವುದೇ ಇಂಥ ಐದು ಸೆಕೆಂಡಿನಿಂದ. ಇನ್ನಷ್ಟು ಬಿಚ್ಚಿದೆ. ಹೊಗೆ ಬಂತು. ಗೆಳೆಯನೊಬ್ಬ ಎಲ್ ಸ್ಕ್ರೂ ಮುಚ್ಚಬೇಕು ಎಂದ, ಇನ್ನೊಬ್ಬ ಬಿಚ್ಚಬೇಕು ಎಂದ. ಇಬ್ಬರ ಮಾತನ್ನೂ ಒಂದೊಂದು ಸಲ ಕೇಳಿದೆ. ಸ್ಪಾರ್ಕ್ ಪ್ಲಗ್ ಬದಲಿಸಿದೆವು, ಬ್ಯಾಟರಿ ಬದಲಿಸಿದೆವು. ಬಿಸಿಲು ಏರಿತು, ತಂದಿದ್ದ ತಟ್ಟೆ ಇಡ್ಲಿ ಕಲ್ಲಾಯಿತು. ಹತ್ತೂವರೆಯ ಹೊತ್ತಿಗೆ ಕಾರ್ಬುರೇಟರ್ ಕಂಪನಿಯವರ ವಂಶವನ್ನೇ ನಾನು ಶಪಿಸತೊಡಗಿದ್ದೆ.

ಕೆರೆ ಏರಿಯ ಮೇಲೆ ಒಬ್ಬ ಯಜಮಾನರು ಹುಲ್ಲು ಕತ್ತರಿಸುತ್ತಿದ್ದರು. ನಮ್ಮ ಪಾಡನ್ನು ಬಹಳ ಹೊತ್ತಿನಿಂದ ನೋಡಿದ್ದಿರಬೇಕು. ಯಂತ್ರ ಇಳಿಸಿ, ಬೀಡಿ ಬೇಲಿಗೆ ಎಸೆದು (ಪೆಟ್ರೋಲ್ ಹತ್ತಿರ ಬರುವಾಗ ಬೀಡಿ ಎಸೆಯುವಷ್ಟು ತಿಳಿವಳಿಕೆ ನನ್ನ ಗೆಳೆಯರಲ್ಲೇ ಎಲ್ಲರಿಗೂ ಇಲ್ಲ) ಕೆಳಗೆ ಬಂದರು. ಎಂಜಿನ್ ಮುಟ್ಟಲಿಲ್ಲ. ಕೇಳಿದ್ದು ಒಂದೇ ಮಾತು: “ಸ್ವಾಮಿ, ಎಷ್ಟು ಹೊತ್ತು ಓಡುತ್ತದೆ?”

“ಅರ್ಧ ನಿಮಿಷ.”

“ಪ್ರತಿ ಸಲವೂ ಅಷ್ಟೇ ಹೊತ್ತೇ?”

ಹೌದು, ಹೆಚ್ಚುಕಡಿಮೆ ಅಷ್ಟೇ. ಅದನ್ನು ನಾವು ಗಮನಿಸಿಯೇ ಇರಲಿಲ್ಲ.

“ಹಾಗಾದರೆ ಅದಕ್ಕೆ ಉಸಿರು ಕಟ್ಟಿದೆ. ಟ್ಯಾಂಕ್ ಬಿಚ್ಚಿ ನೋಡಿ.”

ಟ್ಯಾಂಕಿನ ಬಿರಡೆ ಎಳೆದಾಗ ಸುಯ್ಯೆಂದು ಗಾಳಿ ಒಳಗೆ ನುಗ್ಗಿದ ಸದ್ದು ನಾಲ್ವರಿಗೂ ಕೇಳಿಸಿತು. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕಲ್ಲ, ಅದಕ್ಕೆಂದೇ ಒಂದು ಸಣ್ಣ ಕೊಳವೆಯನ್ನು ವಿಮಾನದ ಹೊಟ್ಟೆಯ ಕೆಳಗೆ ಬಿಟ್ಟಿರುತ್ತೇವೆ. ಆ ಕೊಳವೆಯ ಬಾಯಿಗೆ ಮಣ್ಣು ಮೆತ್ತಿತ್ತು. ನಮ್ಮ ಅಟ್ಟದ ಮೇಲೆ ಯಾವುದೋ ಕಣಜ, ಗೋಡೆ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುತ್ತದಲ್ಲ, ಆ ಜಾತಿಯದು, ನನ್ನ ಕೊಳವೆಯನ್ನು ಬಾಣಂತಿ ಕೋಣೆ ಮಾಡಿಕೊಂಡು ನಾಜೂಕಾಗಿ ಬಾಗಿಲು ಮುಚ್ಚಿ ಹೋಗಿತ್ತು. ತಂತಿ ತೂರಿಸಿ ತೆಗೆದೆವು. ಎಂಜಿನ್ ಹತ್ತಿತು, ಆದರೆ ವಿಮಾನ ಹಾರಲಿಲ್ಲ. ಅಷ್ಟರಲ್ಲಿ ಎರಡೂ ಸ್ಕ್ರೂಗಳನ್ನು ನಾವು ದಿಕ್ಕೆಡಿಸಿದ್ದೆವಲ್ಲ! ಕಣಜ ಮಾಡಿದ ತೊಂದರೆ ಒಂದು ನಿಮಿಷದಲ್ಲಿ ಹೋಯಿತು, ನಾನು ಮಾಡಿದ್ದನ್ನು ಸರಿಪಡಿಸಲು ಮುಂದಿನ ಭಾನುವಾರ ಬೇಕಾಯಿತು.

ನನಗೆ ಕೊಟ್ಟ ಹೊತ್ತಿನಲ್ಲಿ ಅರ್ಧವನ್ನು ಕಣಜವೇ ತಿಂದಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಈ ಕಾರ್ಬುರೇಟರಿನೊಳಗೆ ಡಯಾಫ್ರಮ್ ಎಂಬ ತೆಳು ಹಾಳೆ ಇರುತ್ತದೆ. ಎಂಜಿನ್ನಿನ ಒತ್ತಡ ಏರಿಳಿದಂತೆ ಅದು ಎದೆಯಂತೆ ಬಡಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ಕೂದಲೆಳೆಯಷ್ಟು ಸೀಳಿದ್ದರೂ ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಆದ್ದರಿಂದ ಮೊದಲು ಪೆಟ್ರೋಲ್ ಬರುವ ಕೊಳವೆ ನೋಡಿ. ಮೆಥನಾಲ್ ಕುಡಿಯುವ ಗ್ಲೋ ಎಂಬ ಇನ್ನೊಂದು ಬಗೆಯ ಮಾದರಿ ಎಂಜಿನ್ನಿನ ಸಿಲಿಕೋನ್ ಕೊಳವೆಯನ್ನು ಇಲ್ಲಿ ಹಾಕಬೇಡಿ, ಪೆಟ್ರೋಲಿಗೆ ಅದು ಊದಿ ಮೆತ್ತಗಾಗುತ್ತದೆ. ಪೆಟ್ರೋಲಿಗೆಂದೇ ಮಾಡಿದ ಕೊಳವೆ ಸಿಗುತ್ತದೆ. ಒಂದು ಲೀಟರಿಗೆ 30 ಮಿಲಿಲೀಟರ್ ಟೂ ಸ್ಟ್ರೋಕ್ ಆಯಿಲ್ ಬೆರೆಸಿ. ಬೈಕಿಗೆ ಹಾಕಿ ಉಳಿದ ಎಂಜಿನ್ ಆಯಿಲ್ ಅಲ್ಲ, ದಯವಿಟ್ಟು. ಪ್ಲಗ್ಗಿನ ಸಂದು ಅರ್ಧ ಮಿಲಿಮೀಟರ್. ಕಿಡಿ ಹಾರಿಸುವ ಪೆಟ್ಟಿಗೆ ರಿಮೋಟಿನ ಸಂಕೇತ ಹಿಡಿಯುವ ರಿಸೀವರಿನಿಂದ ಒಂದಡಿ ದೂರದಲ್ಲಿರಲಿ. ಇಷ್ಟೂ ನೋಡಿ ಆಗುವವರೆಗೆ ಸ್ಕ್ರೂಡ್ರೈವರ್ ಎಲ್ಲಿರಬೇಕು? ಜೇಬಿನಲ್ಲಿ.

ಹಚ್ಚುವುದು ಹೀಗೆ. ಬಾಲವನ್ನು ಗೂಟಕ್ಕೆ ಕಟ್ಟಿ, ಇಲ್ಲವೇ ಗಟ್ಟಿಮುಟ್ಟಾದ ಗೆಳೆಯನ ಕೈಗೆ ಕೊಡಿ. ಕಿಡಿಯ ಸ್ವಿಚ್ ಆಫ್ ಇರಲಿ. ಗಾಳಿಯ ದಾರಿ ತಡೆಯುವ ಚೋಕ್ ಮುಚ್ಚಿ, ಕಾರ್ಬುರೇಟರ್ ಒದ್ದೆಯಾಗುವವರೆಗೆ ಪ್ರೊಪೆಲ್ಲರ್ ತಿರುಗಿಸಿ. ಸ್ವಿಚ್ ಹಾಕಿ ಮತ್ತೆ ತಟ್ಟಿ. ಒಮ್ಮೆ ಟಪ್ ಎಂದು ಕೆಮ್ಮುತ್ತದೆ. ಆಗ ಚೋಕ್ ತೆರೆದು ತಟ್ಟಿದರೆ ಹತ್ತುತ್ತದೆ. ಒಂದು ನಿಮಿಷ ಬಿಸಿಯಾಗಲು ಬಿಡಿ.

ಕೈಗೆ ದಪ್ಪ ಚರ್ಮದ ಗ್ಲೌಸ್ ಹಾಕಿ. 18 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 7000 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ 600 ಕಿಲೊಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮುಂದೆಯೂ ನಿಲ್ಲಬೇಡಿ, ಪಕ್ಕದಲ್ಲೂ ನಿಲ್ಲಬೇಡಿ. ಏನೇ ಸರಿಪಡಿಸುವುದಿದ್ದರೂ ಹಿಂದಿನಿಂದ. ಬೆಂಗಳೂರಿನ ಸುತ್ತ ಯಲಹಂಕ, ಜಕ್ಕೂರು, ಎಚ್.ಎ.ಎಲ್., ಕೆಂಪೇಗೌಡ ನಿಲ್ದಾಣ ಎಂದು ನಿಜವಾದ ವಿಮಾನಗಳು ಓಡಾಡುತ್ತವೆ. ಹಾರಿಸುವ ಮೊದಲು ಸರ್ಕಾರ ಡ್ರೋನ್ ಹಾರಿಸುವವರಿಗೆಂದು ಅಂತರ್ಜಾಲದಲ್ಲಿ ಇಟ್ಟಿರುವ ಡಿಜಿಟಲ್ ಸ್ಕೈ ನಕಾಶೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಎಂದು ನೋಡಿ. ಕೆಂಪಿದ್ದರೆ ಬೇರೆ ಊರು ಹುಡುಕಿ.

ಹಾಗಾದರೆ ಸ್ಕ್ರೂ ಮುಟ್ಟುವುದೇ ಬೇಡವೇ ಎಂದು ಕೇಳುತ್ತೀರಿ. ಬೇಕು, ಜಾಗ ಬದಲಾದಾಗ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು. ಇಲ್ಲಿ ಹದ ಮಾಡಿದ ಎಂಜಿನ್ನನ್ನು ಮಂಗಳೂರಿಗೆ ಒಯ್ದರೆ ಅಲ್ಲಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯೇರಿ ಕೂರುತ್ತದೆ. ಆಗ ಎಚ್ ಸ್ಕ್ರೂವನ್ನು ಗಡಿಯಾರದ ಐದು ನಿಮಿಷದಷ್ಟು ಬಿಚ್ಚಿ, ಓಡಿಸಿ, ಕೇಳಿ. ಎರಡನ್ನೂ ಹದ ಮಾಡಬೇಕಾದರೆ ಮೊದಲು ಎಲ್, ಆಮೇಲೆ ಎಚ್, ಮತ್ತೊಮ್ಮೆ ಎಲ್. ವೇಗ ಏರಿಸುವ ಥ್ರಾಟಲ್ ಥಟ್ಟನೆ ತೆರೆದಾಗ ಎಂಜಿನ್ ಉಸಿರು ಹಿಡಿದು ನಿಂತರೆ ಪೆಟ್ರೋಲ್ ಕಡಿಮೆ, ಗೊರಗೊರ ಎಂದು ಹೊಗೆಯುಗುಳಿದರೆ ಹೆಚ್ಚು. ಹೆಚ್ಚಾದರೆ ಹೊಗೆ ಮಾತ್ರ, ಕಡಿಮೆಯಾದರೆ ಪಿಸ್ಟನ್ನೇ ಸುಡುತ್ತದೆ. ಅನುಮಾನ ಬಂದರೆ ತುಸು ಹೆಚ್ಚೇ ಇರಲಿ.

ಹಾರಾಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇದೆ. ಅದು ಗಾಳಿಯ ತೇವ ಹೀರುತ್ತದೆ, ಡಯಾಫ್ರಮ್ ಬಿರುಸಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಇರುವವರಿಗೂ ಇದೇ ಮಾತು.

ಕಣಜದ ಕಾಟಕ್ಕೆ ನಾನು ಈಗ ಒಂದು ಉಪಾಯ ಮಾಡಿದ್ದೇನೆ. ವಿಮಾನವನ್ನು ಅಟ್ಟಕ್ಕೇರಿಸುವಾಗ ಗಾಳಿಯ ಕೊಳವೆಯ ಬಾಯಿಗೆ ಕೆಂಪು ದಾರ ಕಟ್ಟಿದ ರಬ್ಬರ್ ಬಿರಡೆ ಹಾಕುತ್ತೇನೆ. ಹೋದ ತಿಂಗಳು ಅದನ್ನು ತೆಗೆಯಲು ಮರೆತೇ ಎಂಜಿನ್ ಹಚ್ಚಿದೆ. ಅರ್ಧ ನಿಮಿಷ ಓಡಿ ನಿಂತಿತು. ಕೆಂಪು ದಾರ ಕಣ್ಣೆದುರಿಗೇ ನೇತಾಡುತ್ತಿತ್ತು. ನನ್ನ ಕೈ ಮಾತ್ರ ಆಗಲೇ ಜೇಬಿನೊಳಗೆ ಹೋಗಿ ಸ್ಕ್ರೂಡ್ರೈವರ್ ಹಿಡಿದಿತ್ತು.

ನಮಸ್ಕಾರ.