ಸೋತೆ ಅನ್ನಲು ಏನು ದಾಡಿ?

ನಮಸ್ಕಾರ. ಕಳೆದ ಸಲ ಆಡಿಯೋದಲ್ಲಿ ಗರಗರ ಸದ್ದು ಬರುತ್ತಿತ್ತು ಎಂದು ಎಲ್ಲರೂ ಬೈದಿರಿ. ಅದಕ್ಕೆ ಇವತ್ತು ಫ್ಯಾನ್ ಆಫ್ ಮಾಡಿ ಕೂತಿದ್ದೇನೆ. ಮುಂಬೈ ಹತ್ತಿರದ ಈ ಡೊಂಬಿವ್ಲಿಯ ಸೆಕೆಯಲ್ಲಿ ಫ್ಯಾನ್ ಇಲ್ಲದೆ ರಾಜಕೀಯ ಮಾತಾಡಿದರೆ ತಲೆ ಬಿಸಿ ಸ್ವಲ್ಪ ಜಾಸ್ತಿಯೇ ಇರುತ್ತದೆ. ಸುಧಾರಿಸಿಕೊಳ್ಳಿ.

ಬಿಸಿಗೆ ಸೆಕೆ ಒಂದೇ ಕಾರಣ ಅಲ್ಲ. ಹೋದ ವಾರ ಅಮೆರಿಕದ ಬಗ್ಗೆ ಮಾತಾಡಿದ್ದೆನಲ್ಲ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಸೋತವನು ಸೋತೆ ಅಂತ ಹೇಳಲೇಬೇಕು ಎಂದು ಯಾವ ಕಾನೂನಿದೆ ಸಾರ್? ಎಣಿಕೆ ಆಯ್ತು, ಗೆದ್ದವನು ಬಂದು ಕೂರ್ತಾನೆ. ಸೋತವನ ಬಾಯಿ ಕಟ್ಟಿಕೊಂಡು ನಿಮಗೇನು?" ಅದಕ್ಕೆ ಲೈಕುಗಳು ಬೇರೆ! ಅವು ನನ್ನ ವಿಡಿಯೋದ ಲೈಕುಗಳನ್ನು ದಾಟಿದರೆ ಚಾನೆಲ್ಲನ್ನು ಅವರ ಹೆಸರಿಗೇ ಬರೆದುಕೊಡುತ್ತೇನೆ. ದಾಟದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ, ಬಟನ್ ಕೆಳಗಿದೆ.

ಸರಿ ಸಾರ್, ಕಾನೂನಿಲ್ಲ. ಅಮೆರಿಕದಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಆದರೆ ಮಾರಾಯ್ರೇ, ಎಲ್ಲ ಇರುವುದೇ ಆ ಬಾಯಿಯಲ್ಲಿ. ಗೆದ್ದವನು ಗೆದ್ದೆ ಎಂದರೆ ಅವನ ಕಡೆಯವರು ಕುಣಿಯುತ್ತಾರೆ. ಚುನಾವಣಾಧಿಕಾರಿ ಹೇಳಿದರೆ ಯಾವ ಕಡೆಯೂ ಇಲ್ಲದವರು ತಲೆಯಾಡಿಸುತ್ತಾರೆ. ಸೋತವನ ಹಿಂದೆ ನಿಂತಿದ್ದ ಕೋಟಿಗಟ್ಟಲೆ ಜನ ಇದ್ದಾರಲ್ಲ, ಅವರು ಯಾರ ಮಾತು ಕೇಳಬೇಕು? ಅವನ ಮಾತು ಮಾತ್ರ ಕೇಳುತ್ತಾರೆ. ಜಡ್ಜ್ ಹೇಳಿದರೂ ಆಗದು, ಟೀವಿ ಹೇಳಿದರೂ ಆಗದು. ಸೋತವನ ಬಾಯಿಂದಲೇ ಬರಬೇಕು.

2020ರ ಅಮೆರಿಕವನ್ನೇ ನೋಡಿ. ಬೈಡನ್‌ಗೆ 306 ಎಲೆಕ್ಟೋರಲ್ ಮತ, ಅಂದರೆ ಅಧ್ಯಕ್ಷರು ಯಾರು ಎಂದು ತೀರ್ಮಾನಿಸುವ ರಾಜ್ಯವಾರು ಮತ, ಟ್ರಂಪ್‌ಗೆ 232. ಮುಗಿಯಿತಲ್ಲ? ಇಲ್ಲ. 60ಕ್ಕೂ ಹೆಚ್ಚು ಕೇಸು ಹಾಕಿದರು, ಹೆಚ್ಚುಕಮ್ಮಿ ಎಲ್ಲವೂ ಬಿದ್ದುಹೋದವು. ಹಾಗೆ ಬೀಳಿಸಿದ ಜಡ್ಜ್‌ಗಳಲ್ಲಿ ಅವರೇ ನೇಮಿಸಿದವರೂ ಇದ್ದರು. ಜಾರ್ಜಿಯಾ ರಾಜ್ಯದಲ್ಲಿ ಒಮ್ಮೆ ಕೈಯಲ್ಲೂ ಸೇರಿ ಮೂರು ಸಲ ಎಣಿಸಿದರು. ಸೋಲಿನ ಅಂತರ 11,779. ಆಮೇಲೆ 2021ರ ಜನವರಿ 2ರಂದು ಆ ರಾಜ್ಯದ ಚುನಾವಣೆ ನೋಡಿಕೊಳ್ಳುವ ಬ್ರಾಡ್ ರಾಫೆನ್ಸ್‌ಪರ್ಗರ್‌ಗೆ ಫೋನ್. ಅವರು ಟ್ರಂಪ್ ಅವರದೇ ಪಕ್ಷದವರು. ಟ್ರಂಪ್ ಕೇಳಿದ್ದು ಏನು? ನನಗೆ 11,780 ಮತ ಹುಡುಕಿಕೊಡಿ ಅಂತ. ಒಂದೇ ಒಂದು ಜಾಸ್ತಿ! ಎಂಥಾ ಮಿತವ್ಯಯ ನೋಡಿ. ನಾವು ದಾದರ್ ಮಾರ್ಕೆಟ್‌ನಲ್ಲೂ ಇಷ್ಟು ಲೆಕ್ಕ ಹಾಕಿ ಚೌಕಾಸಿ ಮಾಡುವುದಿಲ್ಲ.

ನಾಲ್ಕು ದಿನ ಬಿಟ್ಟು ಜನವರಿ 6. ಟ್ರಂಪ್ ಬೆಂಬಲಿಗರು ಸಂಸತ್ ಭವನದ ಕಿಟಕಿ ಒಡೆದು ಒಳಗೆ ನುಗ್ಗಿದರಲ್ಲ, ಅವರಲ್ಲಿ ಎಷ್ಟೋ ಜನ ಅಂಗಡಿಯವರು, ನೌಕರಿಯವರು, ಅಜ್ಜಿಯರು. ತಾವು ಪ್ರಜಾಪ್ರಭುತ್ವವನ್ನು ಉಳಿಸುತ್ತಿದ್ದೇವೆ ಎಂದೇ ಅವರು ನಂಬಿದ್ದರು. ಯಾಕೆ? ಸೋತೆ ಅನ್ನಬೇಕಾದ ಬಾಯಿ ಎರಡು ತಿಂಗಳು "ಗೆದ್ದೆ, ಗೆದ್ದೆ" ಎಂದಿತ್ತು. ಅದಕ್ಕೇ ಹೇಳಿದ್ದು, ಸೋತವನ ಬಾಯಿಂದಲೇ ಬರಬೇಕು ಅಂತ.

ಈಗ ಒಬ್ಬರು ಟೈಪ್ ಮಾಡುತ್ತಿರುತ್ತೀರಿ, ಗೊತ್ತು: "2024ರಲ್ಲಿ ಗೆದ್ದು ಬಂದರಲ್ಲ, ಈಗೇನಂತೀರಿ?" ಏನನ್ನಲಿ? ಗೆದ್ದರು, ಬಂದರು. ಆ ಸಲ ಸೋತವರು ಏನು ಮಾಡಿದರು ಅನ್ನುವುದನ್ನು ನೋಡಿ. ಕಮಲಾ ಹ್ಯಾರಿಸ್ ಮರುದಿನವೇ ಫೋನ್ ಮಾಡಿ ಅಭಿನಂದಿಸಿದರು. 2025ರ ಜನವರಿ 6ರಂದು ಉಪಾಧ್ಯಕ್ಷೆಯಾಗಿ ಅದೇ ಕಟ್ಟಡದಲ್ಲಿ ಪೀಠದ ಮೇಲೆ ನಿಂತು ಟ್ರಂಪ್‌ಗೆ 312, ತಮಗೆ 226 ಎಂದು ತಮ್ಮ ಸೋಲನ್ನು ತಾವೇ ಪ್ರಕಟಿಸಿದರು. ಒಂದು ಕಿಟಕಿಯೂ ಒಡೆಯಲಿಲ್ಲ. ಆ ಕ್ಲಿಪ್ ಎಷ್ಟು ಜನ ನೋಡಿದ್ದೀರಿ? ಯಾರೂ ನೋಡಿರುವುದಿಲ್ಲ. ಗಲಾಟೆ ಇಲ್ಲದ ವಿಡಿಯೋ ಯಾರಿಗೆ ಬೇಕು. ನನ್ನದನ್ನೂ ಅದಕ್ಕೇ ನೋಡುವುದಿಲ್ಲ ನೀವು.

"ಅನುಮಾನ ಇದ್ದರೆ ಕೇಳಲೇಬಾರದಾ?" ಕೇಳಿ ಸ್ವಾಮಿ! ಬೇಡ ಎಂದವರು ಯಾರು? ಅಲ್ ಗೋರ್ ಕೇಳಲಿಲ್ಲವೇ? 2000ದ ಅಧ್ಯಕ್ಷ ಚುನಾವಣೆಯಲ್ಲಿ ಬುಷ್ ಎದುರು ಫ್ಲೋರಿಡಾ ರಾಜ್ಯದಲ್ಲಿ ಬರೀ 537 ಮತಗಳ ಅಂತರ. ಅವರು ಅದೇ ರಾತ್ರಿ ಸೋತೆ ಎಂದು ಬುಷ್‌ಗೆ ಫೋನ್ ಮಾಡಿ, ಮತ್ತೆ ಫೋನ್ ಮಾಡಿ ಮಾತು ವಾಪಸ್ ತೆಗೆದುಕೊಂಡವರು. ಐದು ವಾರ ಕೋರ್ಟು ಸುತ್ತಿದರು. ಸುಪ್ರೀಂ ಕೋರ್ಟ್ 5–4ರಲ್ಲಿ ಬಾಗಿಲು ಮುಚ್ಚಿದ ಮರುದಿನ, ಡಿಸೆಂಬರ್ 13ರಂದು, ಟೀವಿ ಮುಂದೆ ಬಂದು ತೀರ್ಪು ನನಗೆ ಒಪ್ಪಿಗೆಯಿಲ್ಲ, ಆದರೆ ಅದಕ್ಕೆ ತಲೆಬಾಗುತ್ತೇನೆ ಎಂದರು. ಸಿಟ್ಟು ಇತ್ತು, ಹೊಟ್ಟೆ ಉರಿಯುತ್ತಿತ್ತು, ಆದರೂ ಬಾಯಿಂದ ಬಂತು. ಇಷ್ಟೇ ನಾನು ಕೇಳುತ್ತಿರುವುದು.

ನಮ್ಮಲ್ಲೂ ದಾರಿ ಇದೆ. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಬೂತಿನಲ್ಲಿ ಎಷ್ಟು ಮತ ಬಿತ್ತು ಎಂಬ ಫಾರ್ಮ್ 17ಸಿ ಪ್ರತಿ ಏಜೆಂಟರ ಕೈಗೆ ಕೊಡುತ್ತಾರೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಅವಕಾಶ ಕೊಟ್ಟಿತು: ಎರಡನೇ, ಮೂರನೇ ಸ್ಥಾನದವರು ಏಳು ದಿನದೊಳಗೆ ಕೇಳಿ, ಖರ್ಚು ಕಟ್ಟಿ, ಶೇ. 5ರಷ್ಟು ಯಂತ್ರಗಳನ್ನು ಪರೀಕ್ಷೆ ಮಾಡಿಸಬಹುದು. ಈ ಫಾರ್ಮ್ 17ಸಿ ಬಗ್ಗೆ ಒಂದು ಇಡೀ ಎಪಿಸೋಡ್ ಮಾಡಿದ್ದೇನೆ. ನೋಡಿದವರು ಕಡಿಮೆ. ಲಿಂಕ್ ಡಿಸ್ಕ್ರಿಪ್ಷನ್‌ನಲ್ಲಿದೆ, ದಮ್ಮಯ್ಯ, ನೋಡಿ.

ಇನ್ನು ನಮ್ಮ ಹೌಸಿಂಗ್ ಸೊಸೈಟಿ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಕಮಿಟಿ ಚುನಾವಣೆ ಆಯಿತು, ಹಳೇ ಚೇರ್ಮನ್ ಸೋತರು. ದಫ್ತರ ಬಿಟ್ಟುಕೊಡಲಿಲ್ಲ. ಮಿನಿಟ್ಸ್ ಪುಸ್ತಕ, ಶೇರ್ ರಿಜಿಸ್ಟರ್, ಚೆಕ್ ಬುಕ್, ರಬ್ಬರ್ ಸ್ಟ್ಯಾಂಪು, ಎಲ್ಲ ಅವರ ಮನೆಯ ಕಪಾಟಿನಲ್ಲಿ. ಲಿಫ್ಟಿನವರಿಗೆ ದುಡ್ಡು ಕೊಡಲು ಸಹಿ ಯಾರದು? ನೋಟಿಸ್ ಬೋರ್ಡಿನಲ್ಲಿ ಒಂದೇ ಮೀಟಿಂಗಿಗೆ ಎರಡು ಚೀಟಿ, ಎರಡು ಬೇರೆ ಬೇರೆ ಭಾನುವಾರ. ವಾಚ್‌ಮನ್ ಪಾಪ ಇಬ್ಬರಿಗೂ ಸಲಾಂ ಹೊಡೆಯುತ್ತಿದ್ದ. ಹಳಬರು ದಫ್ತರವನ್ನು ಹೊಸಬರಿಗೆ ಒಪ್ಪಿಸಬೇಕು ಎಂದು ಸಹಕಾರ ಕಾಯ್ದೆಯಲ್ಲೇ ಇದೆ. ರಿಜಿಸ್ಟ್ರಾರ್ ಕಚೇರಿಯಿಂದ ಕಾಗದ ಬಂತು, ಕೊನೆಗೊಂದು ದಿನ ಎಲ್ಲವನ್ನೂ ಎರಡು ಗೋಣಿಚೀಲದಲ್ಲಿ ತುಂಬಿ ಕೆಳಗಿಳಿಸಿದರು. ಗೋಣಿಚೀಲ ಬಂತು, ಬಾಯಿಂದ ಮಾತು ಬರಲಿಲ್ಲ. ಇವತ್ತಿಗೂ ಬಿ ವಿಂಗ್‌ನವರು ಅವರನ್ನೇ "ಚೇರ್ಮನ್ ಸಾಹೇಬ್" ಅನ್ನುತ್ತಾರೆ, ಮೇಂಟೆನೆನ್ಸ್ ಕಟ್ಟು ಎಂದರೆ "ಯಾವ ಕಮಿಟಿ?" ಎಂದು ಕೇಳುತ್ತಾರೆ. ಕಾನೂನು ಪುಸ್ತಕ ತಂದುಕೊಟ್ಟೀತು ಸಾರ್, ಬಿ ವಿಂಗನ್ನು ತಂದುಕೊಡುತ್ತದಾ?

ಬ್ರೆಜಿಲ್‌ನಲ್ಲಿ ಆದದ್ದೂ ಇದೇ. 2022ರ ಅಕ್ಟೋಬರ್ 30ರಂದು ಅಧ್ಯಕ್ಷ ಬೊಲ್ಸನಾರೊ ಲುಲಾ ಎದುರು ಸೋತರು. ಎರಡು ದಿನ ಮಾತೇ ಇಲ್ಲ. ಆಮೇಲೆ ಕ್ಯಾಮೆರಾ ಮುಂದೆ ಬಂದು ಸುಮಾರು ಎರಡು ನಿಮಿಷ ಏನೇನೋ ಹೇಳಿದರು, ಸೋತೆ ಅನ್ನುವುದೊಂದನ್ನು ಬಿಟ್ಟು. ಅಲ್ಲಿ ಹಳೇ ಅಧ್ಯಕ್ಷ ಹೊಸಬರ ಹೆಗಲಿಗೆ ಪಟ್ಟಿ ಹಾಕುವ ಪದ್ಧತಿ ಇದೆ. ಇವರು ಪ್ರಮಾಣವಚನಕ್ಕೆ ಎರಡು ದಿನ ಇರುವಾಗ ವಿಮಾನ ಹತ್ತಿ ಫ್ಲೋರಿಡಾಕ್ಕೆ ಹೋದರು. ಪಟ್ಟಿ ಹಾಕುವವರು ಯಾರು? ಸಾಮಾನ್ಯ ಜನ ಕೈಯಿಂದ ಕೈಗೆ ದಾಟಿಸಿದರು, ಕೊನೆಗೆ ಕಸ ಆಯುವ ಒಬ್ಬ ಹೆಣ್ಣುಮಗಳು ಲುಲಾ ಅವರ ಹೆಗಲಿಗೆ ಹಾಕಿದಳು. ನನಗಂತೂ ಕಣ್ಣು ತುಂಬಿತು. ಆದರೆ ಬೊಲ್ಸನಾರೊ ಕಡೆಯವರಿಗೆ ಅದು ನಾಟಕ. ಒಂದು ವಾರ ಆಗುತ್ತಿದ್ದಂತೆ, ಜನವರಿ 8ರಂದು, ಬ್ರಸೀಲಿಯಾದಲ್ಲಿ ಸಂಸತ್ತು, ಸುಪ್ರೀಂ ಕೋರ್ಟು, ಅಧ್ಯಕ್ಷರ ಭವನ ಮೂರಕ್ಕೂ ನುಗ್ಗಿದರು. 2025ರ ಸೆಪ್ಟೆಂಬರ್‌ನಲ್ಲಿ ಬೊಲ್ಸನಾರೊಗೆ 27 ವರ್ಷ 3 ತಿಂಗಳ ಶಿಕ್ಷೆ ಆಯಿತು. ಶಿಕ್ಷೆ ಕೊಡಬಹುದು, ಬಾಯಿ ಬಿಡಿಸಲು ಆಗುತ್ತದಾ? ಆಗಲ್ಲ!

ಗ್ಯಾಂಬಿಯಾ ಗೊತ್ತಾ? ಆಫ್ರಿಕಾದ ಚೋಟುದ್ದದ ದೇಶ. 22 ವರ್ಷ ಆಳಿದ ಯಾಹ್ಯಾ ಜಮ್ಮೆ 2016ರ ಡಿಸೆಂಬರ್‌ನಲ್ಲಿ ಸೋತರು. ಟೀವಿಯಲ್ಲೇ ನಗುನಗುತ್ತಾ ಗೆದ್ದ ಅಡಾಮಾ ಬ್ಯಾರೋಗೆ ಫೋನ್ ಮಾಡಿದರು. ಜನ ಬೀದಿಯಲ್ಲಿ ಕುಣಿದರು. ಒಂದು ವಾರ ಕಳೆದ ಮೇಲೆ ಇವರು ಇಲ್ಲ, ಒಪ್ಪಲ್ಲ ಎಂದುಬಿಟ್ಟರು. ಗೆದ್ದವನು ಪಕ್ಕದ ಸೆನೆಗಲ್‌ನಲ್ಲಿ ತನ್ನದೇ ದೇಶದ ರಾಯಭಾರ ಕಚೇರಿಯೊಳಗೆ ಪ್ರಮಾಣವಚನ ಮಾಡಬೇಕಾಯಿತು. ನೆರೆ ದೇಶಗಳ ಸೈನ್ಯ ಗಡಿ ದಾಟಿದ ಮೇಲೆ ಜಮ್ಮೆ ವಿಮಾನ ಹತ್ತಿದ್ದು. ಐವರಿ ಕೋಸ್ಟ್‌ನಲ್ಲಿ 2010ರಲ್ಲಿ ಒಂದೇ ದಿನ ಇಬ್ಬರು ಅಧ್ಯಕ್ಷರಾಗಿ ಪ್ರಮಾಣ ಮಾಡಿದರು, ನಮ್ಮ ನೋಟಿಸ್ ಬೋರ್ಡಿನ ಹಾಗೆ. ಅಲ್ಲಿ ಸತ್ತವರು ಸುಮಾರು 3,000. ಅದೇ ನೈಜೀರಿಯಾದಲ್ಲಿ 2015ರಲ್ಲಿ ಸೋತ ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಎಣಿಕೆಯ ಅಧಿಕೃತ ಘೋಷಣೆಗೂ ಕಾಯದೆ ಗೆದ್ದ ಬುಹಾರಿಗೆ ಫೋನ್ ಮಾಡಿದರು. ಒಂದು ಫೋನು! ಎಷ್ಟು ಖರ್ಚಾಗುತ್ತದೆ ಒಂದು ಫೋನಿಗೆ?

"ಅವರೆಲ್ಲ ಹೊರಗಿನವರು" ಎಂದರೆ, ನಮ್ಮವರನ್ನೇ ತೆಗೆದುಕೊಳ್ಳಿ. ತುರ್ತು ಪರಿಸ್ಥಿತಿ ಹೇರಿದ ಇಂದಿರಾ ಗಾಂಧಿ 1977ರ ಮಾರ್ಚ್‌ನಲ್ಲಿ ರಾಯ್‌ಬರೇಲಿಯಲ್ಲಿ ತಾವೇ ಸೋತರು, ರಾಜ್ ನಾರಾಯಣ್ ಎದುರು. ಸೈನ್ಯ, ಪೊಲೀಸು, ಆಕಾಶವಾಣಿ ಎಲ್ಲ ಅವರ ಕೈಯಲ್ಲೇ ಇತ್ತು. ಮಾರ್ಚ್ 22ಕ್ಕೆ ರಾಜೀನಾಮೆ ಕೊಟ್ಟರು, 24ಕ್ಕೆ ಮೊರಾರ್ಜಿ ಬಂದು ಕೂತರು. ಆ ಇಪ್ಪತ್ತೊಂದು ತಿಂಗಳಲ್ಲಿ ಮಾಡಿದ್ದನ್ನು ನಾನು ಮರೆತಿಲ್ಲ, ಅದಕ್ಕೆ ಬೇರೆ ಎಪಿಸೋಡ್ ಇದೆ. ಆದರೆ ಹೋಗು ಅಂದಾಗ ಹೋದರು. ಹೋದದ್ದಕ್ಕೇ ಅಲ್ವಾ ಮರುವರ್ಷ ನಮ್ಮ ಚಿಕ್ಕಮಗಳೂರಿಗೆ ಬಂದು ಮತ ಕೇಳಲು, ಗೆಲ್ಲಲು ಆದದ್ದು? 1999ರಲ್ಲಿ ಲೋಕಸಭೆಯ ವಿಶ್ವಾಸಮತದಲ್ಲಿ ವಾಜಪೇಯಿ ಸರ್ಕಾರದ ಪರ 269, ವಿರುದ್ಧ 270. ಒಂದು ಮತ! ಬಿದ್ದಿತು, ರಾಜೀನಾಮೆ ಕೊಟ್ಟರು, ಅದೇ ವರ್ಷ ಗೆದ್ದು ಬಂದರು.

"ಬಿಟ್ಟುಕೊಡದವನೇ ಹೋರಾಟಗಾರ" ಎಂದು ಇನ್ನೊಬ್ಬರ ಕಾಮೆಂಟ್, ಜೊತೆಗೆ ಸಿಂಹದ ಇಮೋಜಿ. ಸಿಂಹ ಅಂತೆ! ಶ್ರವಣಬೆಳಗೊಳದಲ್ಲಿ ನಿಂತವನು ಗೆದ್ದ ರಾಜ್ಯವನ್ನೇ ಬಿಟ್ಟುಹೋದವನು. ಅಷ್ಟು ಯಾರೂ ಮಾಡುವುದು ಬೇಡ ಮಾರಾಯ್ರೇ. ಸೋತದ್ದನ್ನು ಬಿಟ್ಟರೆ ಸಾಕು. ಮೈಕ್ ಮುಂದೆ ನಿಂತು, ಸೋತೆ, ನೀವೆಲ್ಲ ಮನೆಗೆ ಹೋಗಿ ಊಟ ಮಾಡಿ. ಅಷ್ಟೇ! ಇದಕ್ಕೂ ವಾದ ಮಾಡುವವರ ಹತ್ತಿರ ನನಗೆ ಮಾತೇ ಇಲ್ಲ. ಇದ್ದರೂ ಆಡುವುದಿಲ್ಲ. ಬರೆಯಿರಿ, ಬರೆಯಿರಿ, ಅಲ್ಗಾರಿದಂಗೆ ಒಳ್ಳೆಯದು.

ಮೆಂಬರ್‌ಶಿಪ್ ಶುರು ಮಾಡಿದ್ದೇವೆ, ಮಾಟುಂಗಾದಲ್ಲಿ ಎರಡು ಕಾಫಿಗೆ ಕೊಡುವ ದುಡ್ಡು ಅಷ್ಟೇ. ಮುಂದಿನ ವಾರ ಮುಂಬೈ ಪಾಲಿಕೆ. 227 ವಾರ್ಡ್, 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿ ಕೈಯಲ್ಲಿ ನಡೆಯಿತಲ್ಲ, ಆ ಕಥೆ. ಅಲ್ಲಿ ಸೋತೆ ಅನ್ನಲು ಸೋತವರೇ ಇರಲಿಲ್ಲ.