ದಿನಕ್ಕೆ ಒಂದೇ ಮಿಲಿಮೀಟರ್, ಸ್ವಾಮಿ!

ನಮಸ್ಕಾರ. ಹಿಂದಿನ ಸಂಚಿಕೆಯ ಕೆಳಗೆ ಸಿಂಧನೂರಿನ ವೀಕ್ಷಕರೊಬ್ಬರು, "ಪಾದ ಜೋತುಬಿದ್ದರೆ ಆರು ತಿಂಗಳು ಎಣ್ಣೆ ತಿಕ್ಕಿ, ನರ ತಾನೇ ಕೂಡಿಕೊಳ್ಳುತ್ತದೆ, ಜನರನ್ನು ಹೆದರಿಸಬೇಡಿ" ಎಂದು ಬರೆದಿದ್ದಾರೆ. ಅದಕ್ಕೆ ಮೆಚ್ಚುಗೆಯೂ ಧಾರಾಳವಾಗಿ ಬಿದ್ದಿರುವುದರಿಂದ ಇಂದು ಒಂದೇ ಲೆಕ್ಕ ಹೇಳುತ್ತೇನೆ.

ಕಡಿದುಹೋದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕುಂಡಿಗೆ ತಪ್ಪು ಜಾಗದಲ್ಲಿ ಚುಚ್ಚಿದ ಸೂಜಿಯಿಂದ, ಸೊಂಟದಿಂದ ಕಾಲಿಗಿಳಿಯುವ ಸಯಾಟಿಕ್ ನರ ಕೆಟ್ಟಿದ್ದರೆ, ಅಲ್ಲಿಂದ ಪಾದವನ್ನು ಮೇಲೆತ್ತುವ ಸ್ನಾಯುವಿಗೆ ದೊಡ್ಡವರಲ್ಲಿ ಹತ್ತಿರಹತ್ತಿರ ಅರ್ಧ ಮೀಟರ್ ದೂರ, ಅಂದರೆ 500 ದಿನಗಳ ದಾರಿ. ಇತ್ತ ನರದ ನಂಟು ಕಳೆದುಕೊಂಡ ಸ್ನಾಯು 12ರಿಂದ 18 ತಿಂಗಳಲ್ಲಿ ಮತ್ತೆ ಚೇತರಿಸಿಕೊಳ್ಳಲಾರದಷ್ಟು ಸೊರಗುತ್ತದೆ. ಎಣ್ಣೆ ತಿಕ್ಕುತ್ತ ಕಳೆದ ಆರು ತಿಂಗಳನ್ನು ಯಾರ ಲೆಕ್ಕಕ್ಕೆ ಬರೆಯೋಣ?

"ನಮ್ಮ ಮಾವನಿಗೆ ತಾನಾಗಿಯೇ ವಾಸಿಯಾಯಿತು" ಎನ್ನುವವರಿದ್ದಾರೆ. ಆಗಿರಬಹುದು. ಹತ್ತಿ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ಗಂಟೆಗಟ್ಟಲೆ ಕಳೆ ತೆಗೆದಾಗ ಮೊಣಕಾಲಿನ ಹೊರಬದಿಯ ನರ ಒತ್ತಿಕೊಳ್ಳುತ್ತದೆ; ಕುಡಿದು ಕುರ್ಚಿಯ ಬೆನ್ನಿಗೆ ತೋಳು ಚಾಚಿ ನಿದ್ದೆಹೋದವರ ಮಣಿಕಟ್ಟು ಬೆಳಿಗ್ಗೆ ಏಳುವುದಿಲ್ಲ. ಇಂಥವುಗಳಲ್ಲಿ ಸಾಮಾನ್ಯವಾಗಿ ಎಳೆ ಉಳಿದು ಹೊದಿಕೆಯಷ್ಟೇ ಕೆಟ್ಟಿರುವುದರಿಂದ ಕೆಲವು ವಾರಗಳಲ್ಲಿ ಬಲ ಮರಳುತ್ತದೆ. ಹೊದಿಕೆ ಕೆಟ್ಟದ್ದು, ಎಳೆ ಕಡಿದದ್ದು, ನರವೇ ತುಂಡಾದದ್ದು ಎಂಬ ಮೂರು ಬಗೆಗಳನ್ನು ಬ್ರಿಟನ್ನಿನ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ 1943ರಲ್ಲಿಯೇ ವಿವರಿಸಿದರು. ಮಾವನದು ಮೊದಲನೆಯದು. ನಿಮ್ಮದು ಯಾವುದೆಂದು ಎಣ್ಣೆಯ ಸೀಸೆ ಹೇಳಿತೇ? ಅದನ್ನು ಹೇಳುವುದು ಪೆಟ್ಟಾಗಿ ಮೂರು ವಾರದ ಹೊತ್ತಿಗೆ ಮಾಡಿಸುವ ಇಎಂಜಿ, ಅಂದರೆ ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಪರೀಕ್ಷೆ. ಚಾಕು, ಗಾಜು ತಗುಲಿ ನರವೇ ತುಂಡಾಗಿದ್ದರೆ ಅಷ್ಟು ದಿನವೂ ಕಾಯಬಾರದು, ಕೂಡಲೇ ಹೊಲಿಸಬೇಕು.

ಸಿರುಗುಪ್ಪ ರಸ್ತೆಯಲ್ಲಿ ಬೈಕಿನಿಂದ ಹಾರಿ ಭುಜದ ಮೇಲೆ ಬಿದ್ದವರ ಕಥೆ ಇನ್ನೂ ಕೆಟ್ಟದ್ದು. ಕುತ್ತಿಗೆಯಿಂದ ತೋಳಿಗಿಳಿಯುವ ನರಗಳ ಗೊಂಚಲೇ ಕಿತ್ತುಬಂದಿರುತ್ತದೆ. ಮನೆಯವರು ಪುತ್ತೂರು ಕಟ್ಟು ಹಾಕಿಸಿ, ಎಲುಬು ಕೂಡಿತೆಂದು ನೆಮ್ಮದಿಯಿಂದಿರುತ್ತಾರೆ. ಶಸ್ತ್ರಚಿಕಿತ್ಸೆಗೆ ಒಳ್ಳೆಯ ಅವಧಿ ಪೆಟ್ಟಾದ ಮೂರರಿಂದ ಆರು ತಿಂಗಳೊಳಗೆ. ಆಮೇಲೆ ಬಂದರೆ ದಿನಕ್ಕೆ ಒಂದು ಮಿಲಿಮೀಟರ್ ಎಂಬ ಲೆಕ್ಕ ಯಾವ ವೈದ್ಯರಿಗೂ ಬಗ್ಗುವುದಿಲ್ಲ.

"ನರಕ್ಕೆ ಶಕ್ತಿಯ ಸೂಜಿ ಹಾಕಿಸುತ್ತಿದ್ದೇವಲ್ಲ" ಎಂದಿರಾ? ಅದು ಬಿ12 ವಿಟಮಿನ್ ಸೂಜಿ, ಅದರ ಕೊರತೆಯಿದ್ದವರಿಗೆ ಮದ್ದು; ತುಂಡಾದ ನರವನ್ನು ಅದು ಹೊಲಿಯುವುದಿಲ್ಲ. ಸೂಜಿಯಿಂದ ಕೆಟ್ಟದ್ದಕ್ಕೆ ಇನ್ನೊಂದು ಸೂಜಿ, ಅದೂ ಅದೇ ಕುಂಡಿಗೆ!

ಚಾನೆಲ್‌ಗೆ ಇನ್ನೂ ಚಂದಾದಾರರಾಗದವರು ಆಗಿರಿ, ಗಂಟೆಯ ಗುಂಡಿಯನ್ನೂ ಒತ್ತಿರಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ದೂರವೆಂಬ ನೆಪ ಬೇಡ. ದಿನಕ್ಕೆ ಒಂದು ಮಿಲಿಮೀಟರ್! ಇದಕ್ಕೂ ವಾದಿಸುವವರಿದ್ದರೆ ಸ್ಕೇಲು ಹಿಡಿದುಕೊಂಡು ಬನ್ನಿ.