ಹೊಸ ಜಿರಳೆ ಎನ್ನುವ ಮುಂಚೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಜಿರಳೆ ಎಂದ ಕೂಡಲೇ ಚರಂಡಿ, ಅಡುಗೆಮನೆಯ ಸಿಂಕು ನೆನಪಾಗುತ್ತವೆ, ಅಲ್ವಾ? ಆದರೆ ಲೋಕದಲ್ಲಿ ಇದುವರೆಗೆ ಹೆಸರು ಪಡೆದಿರುವ ಜಿರಳೆ ಪ್ರಭೇದಗಳು 4,500ಕ್ಕೂ ಜಾಸ್ತಿ. ಮನುಷ್ಯರ ನಡುವೆ ಬದುಕುವವು ಸುಮಾರು 30 ಮಾತ್ರ. ಉಳಿದವುಗಳಲ್ಲಿ ಬಹುಪಾಲು ಉಷ್ಣವಲಯದ ಕಾಡುಗಳಲ್ಲಿವೆ. ತರಗೆಲೆಯ ಅಡಿ, ಕೊಳೆತ ಮರದ ಒಳಗೆ, ಗುಹೆಗಳಲ್ಲಿ. ಅಲ್ಲಿ ಸಿಕ್ಕ ಜಿರಳೆ ಹೊಸ ಪ್ರಭೇದವೇ ಎಂದು ತೀರ್ಮಾನಿಸುವುದು ಹೇಗೆ? ಇವತ್ತಿನ ಮಾತು ಆ ಕೆಲಸದ ಬಗ್ಗೆ.

ನಮ್ಮ ದಕ್ಷಿಣ ಭಾರತದ ಕುರುಚಲು ಕಾಡಿನಲ್ಲಿ ಒಂದು ಚೆಂದದ ಜಿರಳೆ ಇದೆ. ಕಪ್ಪು ಮೈ, ಮೇಲೆ ಏಳು ಬಿಳಿ ಚುಕ್ಕೆ. ಬಿಸಿಲಿನಲ್ಲಿ ಸಡಿಲ ಮಣ್ಣಿನೊಳಗೆ ಅಡಗಿದ್ದು ಮುಸ್ಸಂಜೆಗೆ ಹೊರಬರುತ್ತದೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದನ್ನು ಕ್ಯಾಸಿಡಾ ಎಂಬ ದುಂಬಿಗಳ ಕುಲಕ್ಕೆ ಸೇರಿಸಿದ್ದರು! ಇವತ್ತು ಇದರ ಹೆಸರು ಥೀರಿಯಾ ಪೆಟಿವೇರಿಯಾನಾ.

ಅಷ್ಟು ದೊಡ್ಡ ವಿಜ್ಞಾನಿಗೇ ಹೊರನೋಟ ದಾರಿ ತಪ್ಪಿಸಿತು. ಅದಕ್ಕೇ ಬಣ್ಣ, ಚುಕ್ಕೆ ಅಷ್ಟನ್ನೇ ನಂಬಿ ಹೊಸ ಪ್ರಭೇದ ಎನ್ನಬಾರದು. ಗಂಡಿನ ಹೊಟ್ಟೆಯ ತುದಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಡುತ್ತಾರೆ. ಮೆತ್ತನೆಯ ಭಾಗ ಕರಗುತ್ತದೆ, ಗಟ್ಟಿ ಭಾಗ ಉಳಿಯುತ್ತದೆ. ಆಗ ಜನನಾಂಗದ ಕೊಕ್ಕೆ, ಮುಳ್ಳು, ತಗಡಿನಂಥ ತುಣುಕುಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಎಡಭಾಗ ಬಲಭಾಗದಂತೆ ಇರುವುದಿಲ್ಲ. ಒಂದೇ ಥರ ಕಾಣುವ ಎರಡು ಪ್ರಭೇದಗಳ ಗುಟ್ಟು ಬಯಲಾಗುವುದು ಬಹಳ ಸಲ ಇಲ್ಲೇ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಹಂತವೂ ಇದೇ.

ಇದರ ಉಲ್ಟಾ ಕಷ್ಟವೂ ಉಂಟು: ಒಂದೇ ಪ್ರಭೇದ ಎರಡರಂತೆ ಕಾಣುವುದು. ಪೆರಿಸ್ಫೇರಸ್ ಕುಲದಲ್ಲಿ ಗಂಡಿಗೆ ರೆಕ್ಕೆ ಇದೆ. ಹೆಣ್ಣಿಗೆ ರೆಕ್ಕೆಯೇ ಇಲ್ಲ, ಮುಟ್ಟಿದರೆ ಗುಂಡಗೆ ಸುರುಳಿಯಾಗುತ್ತದೆ. ಬೇರೆ ಬೇರೆ ಕಡೆ ಸಿಕ್ಕರೆ ಇವು ಗಂಡ ಹೆಂಡತಿ ಎಂದು ಯಾರು ಹೇಳುತ್ತಾರೆ? ಮರಿಗಳದ್ದು ಇನ್ನೂ ಕಷ್ಟ. ಸಾಕಿ ಬೆಳೆಸಿ ನೋಡಬೇಕು, ಇಲ್ಲವೇ ಡಿಎನ್‌ಎ ಹೋಲಿಸಬೇಕು.

ಇಷ್ಟಾದ ಮೇಲೂ 'ಹೊಸದು' ಎನ್ನಲು ಹಳೆಯದೆಲ್ಲ ಗೊತ್ತಿರಬೇಕು. 1868ರಲ್ಲಿ ಕೀಟತಜ್ಞ ಫ್ರಾನ್ಸಿಸ್ ವಾಕರ್ ಬ್ರಿಟಿಷ್ ಮ್ಯೂಸಿಯಂನ ಜಿರಳೆಗಳ ಪಟ್ಟಿ ಪ್ರಕಟಿಸಿದರು. ಅಂಥ ಹಳೆಯ ವಿವರಣೆಗಳನ್ನು ಓದಿದರೆ ಬಣ್ಣ, ಅಳತೆ ಸಿಗುತ್ತದೆ, ಒಳಗಿನ ರಚನೆ ಸಿಗುವುದಿಲ್ಲ. ಹಾಗಾಗಿ ಹೋಲೋಟೈಪನ್ನೇ, ಅಂದರೆ ಹೆಸರಿಗೆ ಆಧಾರವಾದ ಆ ಒಂದೇ ಒಂದು ಕೀಟವನ್ನೇ, ಮತ್ತೆ ತೆರೆದು ನೋಡಬೇಕು. ನನ್ನ ಪ್ರಕಾರ ಒಂದು ಹೊಸ ಹೆಸರಿಗಿಂತ, ಒಂದು ಕುಲದ ಹಳೆಯ ಹೆಸರುಗಳನ್ನೆಲ್ಲ ಸರಿಮಾಡುವುದು ದೊಡ್ಡ ಕೆಲಸ. ಅದಕ್ಕೆ ಸುದ್ದಿ ಆಗುವುದಿಲ್ಲ, ಹಣವೂ ಸುಲಭಕ್ಕೆ ಸಿಗುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಕಾಡಿನಲ್ಲಿ ಜಿರಳೆ ಕಂಡರೆ ಸುಮ್ನೆ ಬೆನ್ನಿನ ಫೋಟೋ ತೆಗೆದು ಬರಬೇಡಿ. ಹೊಟ್ಟೆಯ ಭಾಗದ ಫೋಟೋ ಇರಲಿ. ಜಾಗ, ತಾರೀಖು ಬರೆಯಿರಿ. ಎಲೆಯ ಕೆಳಗಿತ್ತೋ, ತೊಗಟೆಯ ಒಳಗಿತ್ತೋ, ಜೊತೆಗೆ ಮರಿಗಳಿದ್ದವೋ, ಅದನ್ನೂ ಬರೆಯಿರಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.